ಐದು ಫಾರಂ ಹಾಳಾದವು

ಅಕ್ಕಾ,

ಇಬ್ಬರೂ ಕ್ಷೇಮವಾಗಿ ಗಡಿ ದಾಟಿದೆವು. ಫಾರಂನಲ್ಲಿ ಜೊತೆಯವರ ಸಂಬಂಧ ಕೇಳಿದ್ದ ಕಡೆ ‘ಹೆಂಡತಿ’ ಎಂದು ಬರೆದಿದ್ದೆ. ಅಧಿಕಾರಿ ಅದನ್ನು ಹೊಡೆದುಹಾಕಿ, “ಹೆಂಗಸರಿಬ್ಬರ ಮದುವೆ ನಿಮ್ಮಲ್ಲಿ ನಡೆಯುತ್ತೆ. ಈ ಗೆರೆ ದಾಟಿದ್ಮೇಲೆ ನಮ್ಮ ದೇಶದ ಕಾನೂನು. ಗೆಳತಿ ಅಂತ ಬರೀರಿ,” ಎಂದು ಹೊಸ ಫಾರಂ ಕೊಟ್ಟ. ನಾನು ಮತ್ತೆ ಹೆಂಡತಿ ಎಂದೇ ಬರೆದೆ. ಹೀಗೆ ಐದು ಫಾರಂ ಹಾಳಾದವು, ನಮ್ಮ ಹಿಂದಿನ ಜನರ ಸಾಲು ಬಾಗಿಲಾಚೆಗೂ ಬೆಳೆಯಿತು. ಇವಳು ಕಿಟಕಿಗೆ ಬಾಗಿ, “ಸಾರ್, ಗೆರೆ ನೆಲದ ಮೇಲಿರಲಿ, ನಮ್ಮಿಬ್ಬರ ಮಧ್ಯೆ ಎಳೀಬೇಡಿ,” ಎಂದಳು. ಆತ ಸುಸ್ತಾಗಿ, ಹೆಂಡತಿ ಎಂದೇ ಇದ್ದ ಆರನೆಯದಕ್ಕೆ ಮೊಹರು ಒತ್ತಿದ.

ನಿಂತೂ ನಿಂತೂ ಬಂದಿದ್ದ ಇವಳ ಕಾಲಿನ ಊತ ಈಗ ಇಳಿದಿದೆ. ಪೋಸ್ಟ್‌ಮ್ಯಾನ್ ಓದಿದರೆ ಓದಲಿ ಎಂದೇ ಲಕೋಟೆ ಬಿಟ್ಟು ಕಾರ್ಡು ಕೊಂಡೆ. ಬಸ್ಸು ಹೊರಡುತ್ತಿದೆ. ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳು, ಒಂದು ಪದವನ್ನೂ ನುಂಗಬೇಡ.

ನಿನ್ನ ತಂಗಿ