ಇಪ್ಪತ್ತಮೂರನೇ ಶಾಟ್

ಮಾರ್ಚ್ 12, ಬುಧವಾರ

‘ಕ್ಯಾಮೆರಾ ಹೆಣ್ಣನ್ನು ತುಂಡು ಮಾಡುತ್ತದೆ’ ಎಂದಷ್ಟೇ ಹೇಳಿದ್ದರೇ ಸಿನಿಮಾ ತರಗತಿಯ ಮೇಷ್ಟ್ರು? ‘ತುಂಡು ಮಾಡಿಯೂ ಉಳಿಸಿಕೊಳ್ಳುತ್ತದೆ’ ಎಂದಂತೆ ನೆನಪು. ನನ್ನದೇ ಆಸೆಯೋ ಏನೋ.

ಪ್ರಬಂಧಕ್ಕೆಂದು ಒಂದು ಹಳೆಯ ಪಾಪ್ ಹಾಡಿನ ವಿಡಿಯೊದ ಶಾಟ್‌ಗಳನ್ನು ಪಟ್ಟಿ ಮಾಡುತ್ತಿದ್ದೇನೆ. ಗಾಯಕನಿಗೆ ಮೂವತ್ತು ಕ್ಲೋಸಪ್. ಹಿಂದೆ ಕುಣಿಯುವವರಿಗೆ ಬರೀ ಸೊಂಟ, ಕಾಲು. ಇಪ್ಪತ್ತಮೂರನೆಯದರಲ್ಲಿ ಇರುವವಳು ತೀರಿಕೊಂಡ ನನ್ನ ತಂಗಿ. ಮುಖವಿಲ್ಲ, ಮೊಣಕೈಯ ಸುಟ್ಟ ಕಲೆಯಿಂದಲೇ ಗುರುತು. ಅವಳು ಇನ್ನೂ ಅಲುಗಾಡುವುದು ಈ ಎರಡು ಸೆಕೆಂಡಿನಲ್ಲಿ ಮಾತ್ರ. ‘ವಸ್ತುವಾಗಿಸಿದ ದೇಹ’ ಎಂದು ಬರೆದೆ, ಹೊಡೆದುಹಾಕಿದೆ. ಮತ್ತೆ ಹಿಂದಕ್ಕೆಳೆದು ನೋಡಿದೆ.

ಪಕ್ಕದ ಮನೆಯ ಟೈಲರಮ್ಮ ಬಾಗಿಲು ತಟ್ಟಿದರು. ಸದ್ದಿಗೆ ಬೈಯುತ್ತಾರೆ ಅಂದುಕೊಂಡೆ.

“ಅಲ್ಲಮ್ಮಾ, ವಾರದಿಂದ ಹಾಡನ್ನ ಅದೇ ಜಾಗಕ್ಕೆ ನಿಲ್ಲಿಸ್ತೀಯ. ಮೆಷಿನ್ ತುಳಿಯೋ ನನ್ನ ಕಾಲೂ ಅಲ್ಲೇ ನಿಂತುಬಿಡುತ್ತೆ. ಇವತ್ತೊಂದಿನ ಹಾಡು ಮುಗಿಯೋಕೆ ಬಿಡಮ್ಮ.”