ಮಾಯುತ್ತಿದ್ದ ಗಾಯವನ್ನು ಉಜ್ಜಿದವಳ ದೂರು

ಔಷಧಿ ಸರಬರಾಜಿನ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ಸುಟ್ಟ ಗಾಯಕ್ಕೆಂದು ನೀವು ಡಬ್ಬಿಗಟ್ಟಲೆ ಕಳಿಸುವ ಬಿಳಿ ಮುಲಾಮನ್ನು ಮೂವತ್ತನಾಲ್ಕು ದಿನ ಒಬ್ಬ ಹೆಣ್ಣುಮಗಳ ಕೈಗೆ ಬಳಿದು, ಆ ಕೈಯನ್ನು ಕೆಡಿಸಿದವಳು ನಾನು. ದೂರು ನಿಮ್ಮ ಮೇಲೆ, ತಪ್ಪೊಪ್ಪಿಗೆ ನನ್ನದು. ಎರಡನ್ನೂ ಒಂದೇ ಕಾಗದದಲ್ಲಿ ಬರೆಯುತ್ತಿದ್ದೇನೆ. ಬೇರೆ ಬೇರೆ ಬರೆದರೆ ನೀವು ಎರಡನೆಯದನ್ನು ಮಾತ್ರ ಓದುತ್ತೀರಿ.

ಅರಕಲಗೂಡು ತಾಲ್ಲೂಕಿನ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿ ನಾನು ನರ್ಸ್ ಆಗಿದ್ದೆ. ಈ ಮಾರ್ಚಿನಲ್ಲಿ ನಿವೃತ್ತಳಾದೆ. ಕಳೆದ ಆಗಸ್ಟಿನಲ್ಲಿ ರಾಮನಾಥಪುರದ ಕಡೆಯ ರಂಜಿನಿಯನ್ನು ಅವಳ ಅತ್ತೆ ಮುದ್ದಮ್ಮ ಆಟೋದಲ್ಲಿ ಕರೆತಂದರು. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಕೂಲಿಗೆ ಹೋದವಳು ಕಾಲು ಜಾರಿ, ಕಾದ ಕೊಳವೆಯ ಮೇಲೆ ಬಲಗೈ ಊರಿಬಿಟ್ಟಿದ್ದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಬೊಬ್ಬೆ. ವಾರಕ್ಕೆರಡು ದಿನ ಬರುವ ವೈದ್ಯರು ಒಮ್ಮೆ ನೋಡಿ, ಮುಲಾಮು ಹಚ್ಚಿ ಎಂದು ಹೋದರು. ನಾನು ಹಚ್ಚಿದೆ. ಮರುದಿನ ಅದು ಹಳದಿ ಪೊರೆಯಾಗಿ ಕೂತಿರುತ್ತಿತ್ತು. ಅದನ್ನು ಉಜ್ಜಿ ತೆಗೆದು ಮತ್ತೆ ಹಚ್ಚುತ್ತಿದ್ದೆ. ರಂಜಿನಿ ಸೆರಗು ಕಚ್ಚಿಕೊಳ್ಳುತ್ತಿದ್ದಳು.

ಹದಿಮೂರನೆಯ ದಿನ ಅವಳೇ ಹೇಳಿದಳು: “ಸಿಸ್ಟ್ರೇ, ಒಳಗೆ ತೆಳ್ಳುಗೆ ಚರ್ಮ ಬಂದಂಗೈತೆ. ಇವತ್ತೊಂದಿನ ಬುಟ್ಬುಡಿ.”

“ನೀನೇನು ಡಾಕ್ಟ್ರಾ?” ಎಂದೆ.

ಗಾಯ ಮಾಯದಿದ್ದಾಗ, ಮನೆಯಲ್ಲಿ ಗಲೀಜು ಮಾಡಿಕೊಳ್ಳುತ್ತಾಳೆಂದು ಮುದ್ದಮ್ಮನ ಮುಂದೆಯೇ ಬೈದೆ. “ನಾನು ನೀರೂ ಸೋಕಿಸ್ದಂಗೆ ನೋಡ್ಕತಾ ಇವ್ನಿ ಕಣವ್ವಾ. ಇವ್ಳೇ ಏನ್ ಮಾಡ್ಕತಾಳೋ!” ಎಂದು ಆಕೆ ಸೊಸೆಯ ಮೇಲೆ ತಿರುಗಿಬಿದ್ದರು. ನಾನು ಮುಲಾಮಿನ ಇನ್ನೊಂದು ಡಬ್ಬಿ ತೆರೆದೆ.

ಮೂವತ್ತೈದನೆಯ ದಿನ ಹಾಸನಕ್ಕೆ ಕರೆದೊಯ್ದೆ. ಅಲ್ಲಿನ ಯುವ ವೈದ್ಯೆ ಡಾ. ನಿಸರ್ಗ ಎಲ್ಲ ಕೇಳಿಸಿಕೊಂಡು, ನನ್ನನ್ನು ಪಕ್ಕಕ್ಕೆ ಕರೆದರು. “ಸಿಸ್ಟರ್, ಮುಲಾಮು ನಂಜು ತಡೆಯುತ್ತೆ, ನಿಜ. ಆದ್ರೆ ಗಾಯ ಶುದ್ಧ ಆದಮೇಲೂ ಹಚ್ತಾ ಇದ್ರೆ ಹೊಸ ಚರ್ಮ ಬರೋದನ್ನೇ ತಡ ಮಾಡುತ್ತೆ. ದಿನಾ ಉಜ್ಜಿದ್ರಂತೂ ಬಂದಿದ್ದೂ ಹೋಗುತ್ತೆ. ಅಂಟದಿರೋ ಗಾಜ್ ಬಟ್ಟೆ ಹಾಕಿ ಮೂರ್ನಾಲ್ಕು ದಿನ ಬಿಟ್ಟಿದ್ರೆ, ಬಹುಶಃ ಮೂರು ವಾರದಲ್ಲಿ ಮಾಯ್ತಿತ್ತು.”

ತೊಡೆಯ ಚರ್ಮ ತೆಗೆದು ಕೈಗೆ ಹಾಕಿದರು. ಈಗ ಮಣಿಕಟ್ಟು ಪೂರ್ತಿ ಬಾಗುವುದಿಲ್ಲ. ಸೊಪ್ಪನ್ನು ಕೋಲಿಗೆ ಕಟ್ಟುವ ಕೆಲಸಕ್ಕೆ ಅವಳನ್ನು ಯಾರೂ ಕರೆಯುವುದಿಲ್ಲ.

ಮಾನ್ಯರೇ, ವೈದ್ಯೆಯ ಮಾತು ನನಗೆ ಹೊಸದಾಗಿದ್ದರೆ ಈ ಪತ್ರ ಬರೆಯುವುದು ಎಷ್ಟು ಸುಲಭವಾಗುತ್ತಿತ್ತು! ಎರಡು ವರ್ಷದ ಹಿಂದೆ ತರಬೇತಿಯಲ್ಲಿ ಇದನ್ನೇ ಹೇಳಿದ್ದರು, ನಾನು ಬರೆದುಕೊಂಡಿದ್ದೆ. ಬಂದು, ಗಾಯಕ್ಕೆ ಅಂಟದ ಪ್ಯಾರಾಫಿನ್ ಗಾಜ್ ಬೇಕೆಂದು ಇಂಡೆಂಟ್, ಅಂದರೆ ಬೇಡಿಕೆ ಪಟ್ಟಿ, ಕಳಿಸಿದೆ. ತಮ್ಮ ಕಚೇರಿಯ ಉತ್ತರ: “ಸುಟ್ಟ ಗಾಯದ ಮುಲಾಮಿನ ದಾಸ್ತಾನು ಸಾಕಷ್ಟಿರುವುದರಿಂದ ಬೇಡಿಕೆಯನ್ನು ಪರಿಗಣಿಸಲಾಗಿಲ್ಲ.” ಎಂಥ ಸೊಗಸಾದ ವಾಕ್ಯ! ನೀರು ಕೇಳಿದವನಿಗೆ ಉಪ್ಪಿನ ಮೂಟೆ ತೋರಿಸಿದಂತೆ. ಆದರೆ ಮತ್ತೊಮ್ಮೆ ಬರೆಯದಂತೆ ನನ್ನ ಕೈ ಹಿಡಿದವರು ಯಾರು? ನೀವಲ್ಲ. ಡಬ್ಬಿಗಳ ಅವಧಿ ಮೀರಿದರೆ ವಿವರಣೆ ಕೊಡಬೇಕಾದವಳು ನಾನು, ಅದಕ್ಕೇ ಖಾಲಿ ಮಾಡಿದೆ. ಗಾಯಕ್ಕೆ ಏನು ಬೇಕೆಂದು ನೋಡಲಿಲ್ಲ, ಕಪಾಟಿನಲ್ಲಿ ಏನಿದೆ ಎಂದು ನೋಡಿದೆ.

ಕಳೆದ ಭಾನುವಾರ ರಂಜಿನಿಯ ಮನೆಗೆ ಹೋಗಿ ಎಲ್ಲ ಹೇಳಿದೆ. ಮುದ್ದಮ್ಮ ಗೋಡೆಗೊರಗಿ ಕೂತರು. ರಂಜಿನಿ ತನ್ನ ಬಲಗೈ ನೋಡಿಕೊಂಡು ಕೇಳಿದಳು:

“ಗೊತ್ತಿದ್ದೂ ಉಜ್ಜುದ್ರಾ ಸಿಸ್ಟ್ರೇ?”

“ಹೂಂ.”

“ನನ್ನ ಗಲೀಜಿಂದ್ಲೇ ಇಂಗಾಯ್ತು ಅಂತ ಊರೋರೆಲ್ಲ ಆಡ್ಕತಾರೆ. ನಂತಾವ ಏಳುದ್ರೆ ಏನ್ ಬಂತು? ಅವ್ರ್ ಮುಂದೆ ಏಳಿ.”

ಆದ್ದರಿಂದಲೇ ಇದು ಬಹಿರಂಗ ಪತ್ರ. ರಂಜಿನಿ ಗಲೀಜು ಮಾಡಿಕೊಳ್ಳಲಿಲ್ಲ. ತಪ್ಪು ನನ್ನದು.

ಆ ಮುಲಾಮನ್ನು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ನಂಜಿನ ಭಯವಿರುವ ಗಾಯಕ್ಕೆ ಅದು ಬೇಕು. ಅದನ್ನು ಯಾವಾಗ ನಿಲ್ಲಿಸಬೇಕೆಂದು ಕನ್ನಡದಲ್ಲಿ ಬರೆದ ಒಂದು ಹಾಳೆ ಪ್ರತಿ ಡ್ರೆಸ್ಸಿಂಗ್ ಕೋಣೆಯ ಗೋಡೆಗೆ ಅಂಟಿಸಿ, ಅಂಟದ ಗಾಜ್ ಕಳಿಸಿ. ಎರಡು ವಾರದಲ್ಲಿ ಮಾಯುವ ಲಕ್ಷಣ ಕಾಣದ ಸುಟ್ಟ ಗಾಯವನ್ನು ದೊಡ್ಡ ಆಸ್ಪತ್ರೆಗೆ ಕಳಿಸಲೇಬೇಕೆಂದು ಆದೇಶಿಸಿ. ವಿಚಾರಣೆ ನಡೆಸುವುದಾದರೆ ಮೊದಲು ನನ್ನನ್ನು ಕರೆಯಿರಿ, ಎಲ್ಲಕ್ಕೂ ಸಹಿ ಹಾಕುತ್ತೇನೆ. ನನ್ನ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸಿ, ತಾವೂ ಬಂದು ಕುಳಿತುಕೊಳ್ಳಿ.

ಇಂತಿ,
ಕ್ಷಮೆ ಕೇಳಲೂ ತಡಮಾಡಿದ
ಸ್ನೇಹಲತಾ
ನಿವೃತ್ತ ನರ್ಸ್, ಅರಕಲಗೂಡು