ಅಪ್ಪನ ಕೂಗು

ಬಸವಕಲ್ಯಾಣ
ಜನವರಿ 18, ಭಾನುವಾರ

ಪ್ರೀತಿಯ ಸೂರ್ಯಣ್ಣಾ,

ಹೇಗಿದ್ದೀಯ? ಔಷಧಿ ಕಂಪನಿಯ ವಾಸನೆಗೆ ಹತ್ತಿದ್ದ ಕೆಮ್ಮು ಕಡಿಮೆಯಾಯಿತೇ? ಇಲ್ಲಿ ನಾವೆಲ್ಲ ಆರಾಮ. ಅಪ್ಪನ ಗಂಟಲಿನ ಆಪರೇಷನ್ ಗಾಯ ಪೂರ್ತಿ ಮಾಗಿದೆ. ಧ್ವನಿ ಮರಳಿ ಬರುವುದಿಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರಲ್ಲ, ಅದು ಹಾಗೆಯೇ. ಹುಮನಾಬಾದಿನಷ್ಟು ಹತ್ತಿರಕ್ಕೆ ಪತ್ರವೇಕೆ ಎಂದು ನಗಬೇಡ. ನಿನಗೆ ಫೋನ್ ಹಚ್ಚಿದರೆ ಸಾಕು, ಅಪ್ಪ ಬಂದು ಕಿವಿಗೊಟ್ಟು ಕೂಡುತ್ತಾರೆ. ಮೇಲಾಗಿ ನಿನ್ನ ಫೋನು ಎಲ್ಲರ ಮಾತನ್ನೂ ತಾನೇ ರೆಕಾರ್ಡ್ ಮಾಡಿಕೊಳ್ಳುತ್ತದೆ. ನನ್ನ ಅಳು ಅದರಲ್ಲಿ ಉಳಿಯುವುದು ಬೇಡ.

ಅಣ್ಣಾ, ತಪ್ಪು ನನ್ನದೇ. ಕಂಪ್ಯೂಟರ್ ನಿಂತು ನಿಂತು ನಡೆಯುತ್ತಿತ್ತಲ್ಲ, ಹೊಸದಾಗಿ ಲಿನಕ್ಸ್ ಹಾಕಲು ಕುಳಿತೆ. "ಮೊದಲ ಬ್ಯಾಕಪ್ ತಗೋ. ತಗೊಂಡ ಮ್ಯಾಲ ಒಂದೊಂದ ತೆಗೆದು ನೋಡು" ಎಂದು ನೀನು ಹೇಳಿದ್ದೆ. ಪೆನ್‌ಡ್ರೈವಿಗೆ ಕಾಪಿ ಮಾಡುವಾಗ ಏನೋ ಒಂದು ಕಾಪಿ ಆಗುವುದಿಲ್ಲ, ಏನು ಮಾಡಲಿ ಎಂದು ಕೇಳಿತು. ಓದುವ ತಾಳ್ಮೆ ಯಾರಿಗಿತ್ತು? ಬಿಟ್ಟುಬಿಡು ಎಂದು ಒತ್ತಿದೆ. ಆಮೇಲೆ ತೆಗೆದು ನೋಡಿದ್ದು ನನ್ನ ಕಾಲೇಜಿನ ಫೋಟೋಗಳನ್ನು ಮಾತ್ರ. ಎಲ್ಲ ಇದೆ ಎಂದುಕೊಂಡು ಡಿಸ್ಕ್ ಪೂರ್ತಿ ಅಳಿಸಿ ಹೊಸದು ಹಾಕಿಬಿಟ್ಟೆ.

ಮೊನ್ನೆ ನಮ್ಮ ಟಗರು ಅಪ್ಪನ ಸ್ಪೀಕರ್ ಡಬ್ಬಿಯನ್ನು ತುಳಿಯಿತು. ಆಪರೇಷನ್ನಿಗೆ ಮೊದಲು ಅಪ್ಪ ಕುರಿ ಕರೆಯುವುದನ್ನು ನೀನು ರೆಕಾರ್ಡ್ ಮಾಡಿ ಹಾಕಿಕೊಟ್ಟಿದ್ದೆಯಲ್ಲ, ಅದೇ ಡಬ್ಬಿ. ಒಳಗಿನ ಮೆಮೊರಿ ಕಾರ್ಡು ಎರಡು ತುಂಡು. ಅಪ್ಪನ ಮುಖ ಸಣ್ಣದಾಯಿತು. "ಕಂಪ್ಯೂಟರ್‌ದಾಗ ಅದ ಅಪ್ಪಾ, ಹಾಕಿ ಕೊಡ್ತೀನಿ" ಎಂದು ದೊಡ್ಡಸ್ತಿಕೆಯಿಂದ ಹೇಳಿ ಬಂದು ಹುಡುಕಿದೆ. ಇಲ್ಲ. ನೀನು ಪರದೆಯ ಮೇಲೆ 'ಅಪ್ಪನ ಕೂಗು' ಎಂದು ಇಟ್ಟಿದ್ದು ಬರೀ ದಾರಿ ತೋರಿಸುವ ಗುರುತಂತೆ, ನಿಜವಾದ ಫೈಲು ಡಿಸ್ಕಿನ ಬೇರೆ ಭಾಗದಲ್ಲಿತ್ತಂತೆ. ಕಂಪ್ಯೂಟರ್ ಅಂಗಡಿಯ ಶೈಲೇಶ ಹೇಳಿದ ಮೇಲೆ ತಿಳಿಯಿತು. ಅಪ್ಪ ದಿನವೂ ಬಾಗಿಲಲ್ಲಿ ನಿಂತು, ಆಯಿತೇ ಎಂದು ಕೈಸನ್ನೆ ಮಾಡುತ್ತಾರೆ. ನಾಳೆ ಎನ್ನುತ್ತೇನೆ. ನನಗೆ ಅನ್ನ ಇಳಿಯುತ್ತಿಲ್ಲ ಅಣ್ಣಾ.

ಡಿಸ್ಕಿನ ಮೇಲೆ ಇನ್ನೇನನ್ನೂ ಬರೆಯದೆ ಅದನ್ನು ಬಿಚ್ಚಿಟ್ಟಿದ್ದೇನೆ. ಹುಮನಾಬಾದಿನ ಮಾರ್ಕೆಟ್ಟಿಗೆ ತೊಗರಿ ಒಯ್ಯುತ್ತಿರುವ ವೈಜಿನಾಥ ಕಾಕಾನ ಕೈಯಲ್ಲಿ ಕಳಿಸುತ್ತಿದ್ದೇನೆ. ಅಳಿಸಿದ್ದನ್ನು ಹೊರತೆಗೆಯುವವರು ಯಾರಾದರೂ ಇದ್ದರೆ ತೋರಿಸು. ಅವ್ವನ ಶೇಂಗಾ ಚಟ್ನಿ ಬೇರೆ ಚೀಲದಲ್ಲಿದೆ. ಹೊತ್ತಿಗೆ ಸರಿಯಾಗಿ ಉಣ್ಣಬೇಕೆಂದು ಅವ್ವನ ಅಪ್ಪಣೆ, ಅಪ್ಪನ ಆಶೀರ್ವಾದ. ಬೈಯುವುದಿದ್ದರೆ ಊರಿಗೆ ಬಂದೇ ಬೈ.

ನಿನ್ನ ತಂಗಿ,
ಶೀತಲ

ತಾ.ಕ.: ಕಾಕಾ ಹಾರ್ನ್ ಹೊಡೆಯುತ್ತಿದ್ದಾರೆ. ಈಗಷ್ಟೇ ಅವ್ವನಿಗೆ ಎಲ್ಲ ಹೇಳಿ, ಇನ್ನು ಕುರಿಗಳನ್ನು ಕರೆಯುವುದು ಹೇಗೆ ಎಂದು ಅತ್ತುಬಿಟ್ಟೆ. "ಕುರಿ ಕೋಲಿನ ಸಪ್ಪಳಕ್ಕೇ ಬರ್ತಾವ. ಆ ಡಬ್ಬಿ ಅವರು ತಾವು ಕೇಳಾಕ ಹಚ್ಕೊಂಡು ಕೂಡ್ತಿದ್ರು" ಎಂದಳು ಅವ್ವ. ಡಿಸ್ಕಿನಲ್ಲಿ ಸಿಗದಿದ್ದರೆ ನಿನ್ನ ಫೋನಿನಲ್ಲಿ ಹುಡುಕು ಅಣ್ಣಾ. ನೀನು ಕುರಿ ಬಿಟ್ಟು ಕಂಪನಿಗೆ ಸೇರಿದಾಗ ಅಪ್ಪ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದಿದ್ದರಲ್ಲ, ಸಿಟ್ಟಿನಲ್ಲಿ ಅಳಿಸಿರದಿದ್ದರೆ ಆ ರೆಕಾರ್ಡನ್ನೇ ಕಳಿಸು.